ಇಕೆಬುಕುರೊದಿಂದ ಇವಾಮಿವರೆಗೆ: ಹೆಣ್ಣುಮಕ್ಕಳ ಅನಿಮೆ ಪೇಟೆಯಲ್ಲಿ ಒಂದು ಸುತ್ತು

ಶುಕ್ರವಾರ, ಇಕೆಬುಕುರೊ

ಟೋಕಿಯೊದಲ್ಲಿ ಅನಿಮೆ, ಅಂದರೆ ಜಪಾನಿ ಕಾರ್ಟೂನಿನ ಅಂಗಡಿ ಎಲ್ಲಿ ಅಂತ ಕೇಳಿದರೆ ಎಲ್ಲರೂ ಅಕಿಹಬರಾ ಹೆಸರು ಹೇಳುತ್ತಾರೆ. ಅಕ್ಕನ ಮಗಳು ನನ್ನನ್ನು ಕರೆದುಕೊಂಡು ಹೋಗಿದ್ದು ಇಕೆಬುಕುರೊಗೆ. "ಅದು ಹುಡುಗರ ಜಾಗ ಚಿಕ್ಕಮ್ಮ. ನಮ್ಮದು ಇದು" ಅಂದಳು. ಅವಳು ಇಲ್ಲೊಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ, ನಿಶಿ-ಕಸಾಯಿಯಲ್ಲಿ ಮನೆ. ಅಲ್ಲಿ ನಮ್ಮ ದೇಶದವರು ಎಷ್ಟಿದ್ದಾರೆ ಅಂದರೆ ಬೇಳೆ, ಹುಣಸೆಹಣ್ಣಿಗೆ ದೂರ ಹೋಗಬೇಕಿಲ್ಲ. ನಾನು ದಾವಣಗೆರೆಯಲ್ಲಿ ಫ್ಯಾನ್ಸಿ ಸ್ಟೋರ್ ನಡೆಸುವವಳು. ಬಳೆ, ಕ್ಲಿಪ್ಪು, ಪರ್ಸು, ಹುಡುಗಿಯರ ಬ್ಯಾಗು. ಅನಿಮೆ ನನಗೆ ಅಷ್ಟಕ್ಕಷ್ಟೇ. ಆದರೆ ಹೆಣ್ಣುಮಕ್ಕಳು ಯಾವುದಕ್ಕೆ ಪರ್ಸು ತೆಗೆಯುತ್ತಾರೆ, ಯಾವುದಕ್ಕೆ ತೆಗೆಯುವುದಿಲ್ಲ ಅನ್ನೋದು ನನ್ನ ದಿನದ ಅನ್ನದ ವಿಷಯ.

ಸ್ಟೇಷನ್‌ನ ಪೂರ್ವ ಬಾಗಿಲಿಂದ ಹೊರಬಿದ್ದು, ಜನರ ಜೊತೆ ತಳ್ಳಿಸಿಕೊಂಡು ಸನ್‌ಶೈನ್ ಸಿಟಿ ಕಡೆ ನಡೆದೆವು. ಅಲ್ಲಿರುವ 60 ಮಹಡಿಯ ಕಟ್ಟಡ 1978ರದ್ದು. ಅದಕ್ಕೂ ಮೊದಲು ಆ ಜಾಗದಲ್ಲಿ ಸುಗಾಮೊ ಜೈಲಿತ್ತು. ಎರಡನೇ ಮಹಾಯುದ್ಧದ ಪ್ರಧಾನಿ ತೋಜೊ ಅವರನ್ನು ಗಲ್ಲಿಗೇರಿಸಿದ್ದು ಅಲ್ಲೇ. ಈಗ ಆ ಕಟ್ಟಡದ ಪಶ್ಚಿಮ ಬದಿಯ ರಸ್ತೆಗೆ ಒತೋಮೆ ರೋಡ್ ಅಂತ ಹೆಸರು, ಅಂದರೆ ಕನ್ಯೆಯರ ಬೀದಿ. 2004ರ ಸುಮಾರಿಗೆ ಒಂದು ಪತ್ರಿಕೆ ಈ ಹೆಸರಿಟ್ಟಿತಂತೆ. ಹೆಸರು ಕೇಳಿ ನಾನು ದೊಡ್ಡ ಪೇಟೆಯನ್ನೇ ಊಹಿಸಿಕೊಂಡಿದ್ದೆ. ನೋಡಿದರೆ ಎರಡು ನಿಮಿಷದಲ್ಲಿ ಮುಗಿದುಹೋಗುವ ಸಾದಾ ರಸ್ತೆ. ಮಾಲೆಲ್ಲ ಒಳಗಡೆ, ಮೆಟ್ಟಿಲು ಹತ್ತಿ ಅಥವಾ ಇಳಿದು ಹೋಗಬೇಕು.

ಒಳಗೆ ಹೋದರೆ ಮಾತೇ ಬೇರೆ. ಕೆ-ಬುಕ್ಸ್ ಅನ್ನೋ ಕಂಪನಿ ಸೆಕೆಂಡ್ ಹ್ಯಾಂಡ್ ಮಾಲು ಮಾರುತ್ತದೆ. ಅಭಿಮಾನಿಗಳೇ ಬರೆದು ಅಚ್ಚು ಹಾಕಿಸಿದ ಪುಸ್ತಕಕ್ಕೆ ಒಂದು ಅಂಗಡಿ, ನಾಟಕದ ನಟರ ಫೋಟೊಗೆ ಇನ್ನೊಂದು, ಹೀಗೆ ಬಗೆಬಗೆಗೆ ಬೇರೆ ಬೇರೆ ಅಂಗಡಿ. ಪ್ರತಿ ಬ್ಯಾಡ್ಜಿಗೂ ಪ್ಲಾಸ್ಟಿಕ್ ಕವರು, ಅದರ ಮೇಲೆ ಬೆಲೆ ಚೀಟಿ. ಒಂದೇ ಸರಣಿಯ, ಒಂದೇ ಅಳತೆಯ ಎರಡು ಬ್ಯಾಡ್ಜ್ ಪಕ್ಕಪಕ್ಕ ಇದ್ದವು. ಒಂದಕ್ಕೆ 100 ಯೆನ್, ಇನ್ನೊಂದಕ್ಕೆ ಅದರ ಇಪ್ಪತ್ತು ಪಟ್ಟು. ವ್ಯತ್ಯಾಸ ಇರೋದು ಮುಖದಲ್ಲಿ ಮಾತ್ರ. ಯಾವ ಪಾತ್ರ ಎಷ್ಟು ಜನಕ್ಕೆ ಬೇಕು ಅನ್ನೋದರ ಮೇಲೆ ಬೆಲೆ. ಪೇಟೆ ಧಾರಣೆಯನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಗೋಡೆಗೆ ನೇತುಹಾಕಿದ್ದು ನಾನಂತೂ ಬೇರೆಲ್ಲೂ ನೋಡಿಲ್ಲ. ಪಾಪ, ಆ 100 ಯೆನ್ ಹುಡುಗ ಚೆನ್ನಾಗಿಯೇ ಇದ್ದ.

ಸಂಜೆ ಬಟ್ಲರ್ ಕೆಫೆ ಮುಂದೆ ಹಾದುಹೋದೆವು. 2006ರಿಂದ ನಡೆಯುತ್ತಿದೆ. ಒಳಗೆ ಹೋಗುವ ಹೆಂಗಸರನ್ನು ಕಪ್ಪು ಕೋಟಿನ ಗಂಡಸರು ದೊಡ್ಡಮನೆಯ ಮಗಳು ಮನೆಗೆ ವಾಪಸ್ ಬಂದಳು ಅನ್ನುವಂತೆ ಬರಮಾಡಿಕೊಳ್ಳುತ್ತಾರೆ. ಬುಕಿಂಗ್ ಇಲ್ಲದೆ ಹೋಗುವ ಹಾಗಿಲ್ಲ. ನಮ್ಮದು ಇರಲಿಲ್ಲ. ಮನೆಗೆ ಹೋಗಿ ತಿಳಿಸಾರು ಅನ್ನ ಮಾಡಿಕೊಂಡೆವು.

ಶನಿವಾರ, ಮತ್ತೆ ಇಕೆಬುಕುರೊ

ಅನಿಮೇಟ್ ಅನ್ನುವ ಅಂಗಡಿಯ ಮೊದಲ ಮಳಿಗೆ 1983ರಲ್ಲಿ ಇದೇ ಇಕೆಬುಕುರೊದಲ್ಲಿ ಶುರುವಾಯಿತು. ಈಗ ಜಪಾನಿನ ತುಂಬ ಇದೆ. ಮುಖ್ಯ ಅಂಗಡಿಯನ್ನು ದೊಡ್ಡದು ಮಾಡಿ 2023ರ ಮಾರ್ಚ್‌ನಲ್ಲಿ ಮತ್ತೆ ತೆರೆದರು. ಜಗತ್ತಿನಲ್ಲೇ ದೊಡ್ಡ ಅನಿಮೆ ಅಂಗಡಿ ಅಂತ ಅವರೇ ಹೇಳಿಕೊಳ್ಳುತ್ತಾರೆ. ನೆಲಮಾಳಿಗೆಯಲ್ಲಿ ನಾಟಕಕ್ಕೊಂದು ಥಿಯೇಟರ್ ಕೂಡ ಇದೆ.

ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತೆವು. ಸಾಲಿನಲ್ಲಿ ಹತ್ತಕ್ಕೆ ಒಂಬತ್ತು ಜನ ಹೆಂಗಸರು. ಕಾಲೇಜು ಹುಡುಗಿಯರು ಮಾತ್ರ ಅಂದುಕೊಳ್ಳಬೇಡಿ. ನನ್ನ ವಯಸ್ಸಿನವರಿದ್ದರು, ನನಗಿಂತ ದೊಡ್ಡವರೂ ಇದ್ದರು. ಒಬ್ಬರು ಅಮ್ಮ, ಮಗಳು ಒಟ್ಟಿಗೆ ಬಂದಿದ್ದರು. ಇಬ್ಬರ ಬ್ಯಾಗಿನಲ್ಲೂ ಬೇರೆ ಬೇರೆ ಹುಡುಗನ ಚಿತ್ರ.

ಆ ಬ್ಯಾಗನ್ನು ಸ್ವಲ್ಪ ವಿವರಿಸಬೇಕು. ಮುಂದಿನ ಮುಖಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಇರುತ್ತದೆ. ಅದರ ಹಿಂದೆ ಒಂದೇ ಪಾತ್ರದ ಬ್ಯಾಡ್ಜ್‌ಗಳನ್ನು ಸಾಲು ಸಾಲಾಗಿ ಚುಚ್ಚುತ್ತಾರೆ, ಸುತ್ತ ಲೇಸು, ರಿಬ್ಬನ್ನು. ಇದಕ್ಕೆ ಇತಾ ಬ್ಯಾಗ್ ಅನ್ನುತ್ತಾರೆ. ಬ್ಯಾಡ್ಜ್ ಸಾಮಾನ್ಯವಾಗಿ 57 ಮಿಲಿಮೀಟರ್ ಅಗಲ. ಹಾಗಾಗಿ ಬ್ಯಾಗ್ ಮಾಡುವವರು ಆ ಅಳತೆಗೇ ಒಳಗಿನ ಹಲಗೆ ಕತ್ತರಿಸುತ್ತಾರೆ, ಬ್ಯಾಡ್ಜ್ ಮಾಡುವವರು ಬ್ಯಾಗಿಗೆ ಹೊಂದುವ ಹಾಗೆ ಮಾಡುತ್ತಾರೆ. ತಗಡಿನ ಬ್ಯಾಡ್ಜ್ ಮಾಡೋಕೆ ಖರ್ಚೆಷ್ಟು ಬಂದೀತು? ಅಂಗಡಿಯಲ್ಲಿ 500 ಯೆನ್ ಆಸುಪಾಸು, ನಮ್ಮ ಲೆಕ್ಕಕ್ಕೆ 300 ರೂಪಾಯಿ. ಬ್ಯಾಗಿನ ತುಂಬ ಚುಚ್ಚೋಕೆ ಮೂವತ್ತೋ ನಲವತ್ತೋ ಬೇಕು. ನನ್ನ ಕಣ್ಣು ಬ್ಯಾಡ್ಜ್ ಬಿಟ್ಟು ಬ್ಯಾಗಿನ ಹೊಲಿಗೆ ನೋಡುತ್ತಿತ್ತು. ರೆಕ್ಸಿನ್ ಗಟ್ಟಿ, ಜಿಪ್ ಒಳ್ಳೆಯದು. ಪ್ಲಾಸ್ಟಿಕ್ ಮುಖವೂ ಅಷ್ಟು ಸುಲಭಕ್ಕೆ ಹಳದಿಯಾಗುವ ಮಾಲಲ್ಲ.

ಬ್ಯಾಡ್ಜ್ ಮಾರುವ ರೀತಿ ಮಾತ್ರ ನನಗೆ ಸರಿ ಕಾಣಲಿಲ್ಲ. ಮುಚ್ಚಿದ ಕವರಿನಲ್ಲಿ ಕೊಡುತ್ತಾರೆ. ಒಂದು ಸರಣಿಯಲ್ಲಿ ಎಂಟೋ ಹತ್ತೋ ಪಾತ್ರ. ನಿಮಗೆ ಬೇಕಾದವನು ಸಿಗಬಹುದು, ಸಿಗದೆಯೂ ಇರಬಹುದು. ಚಿಕ್ಕವರಿದ್ದಾಗ ಬಬಲ್ ಗಮ್ ಜೊತೆ ಕ್ರಿಕೆಟಿಗರ ಚಿತ್ರ ಬರುತ್ತಿತ್ತಲ್ಲ, ಹಾಗೆಯೇ. ಆದರೆ ಅಲ್ಲಿ ಗಮ್ಮಾದರೂ ಬಾಯಿಗೆ ಬೀಳುತ್ತಿತ್ತು. ನಮ್ಮಂಗಡಿಯಲ್ಲಿ ಬಳೆಯ ಬಣ್ಣ ತೋರಿಸದೆ ಕಟ್ಟಿ ಕೊಟ್ಟರೆ ಗಿರಾಕಿ ಸುಮ್ನೆ ಬಿಡುತ್ತಾರಾ? ಮಾರುವವನಿಗೆ ಮಾತ್ರ ಬಲು ಅನುಕೂಲ. ಓಡದ ಪಾತ್ರದ ಮಾಲು ಗೋಡೌನಿನಲ್ಲಿ ಉಳಿಯುವುದೇ ಇಲ್ಲ. ಓಡುವ ಪಾತ್ರದ ಜೊತೆ ಅದೂ ಖಾಲಿ. ಡೆಡ್ ಸ್ಟಾಕಿನ ತಲೆನೋವನ್ನು ಗಿರಾಕಿಯ ಚೀಲಕ್ಕೇ ತುಂಬಿಬಿಟ್ಟಿದ್ದಾರೆ.

ಗಿರಾಕಿಗಳೂ ಕಡಿಮೆಯವರಲ್ಲ. ಅಂಗಡಿಯ ಹತ್ತಿರವೇ ನಾಕಾ-ಇಕೆಬುಕುರೊ ಪಾರ್ಕ್ ಇದೆ. ಹೆಸರಿಗೆ ಪಾರ್ಕ್, ನೋಡಿದರೆ ಕಲ್ಲು ಹಾಸಿದ ಅಂಗಳ. 2019ರಲ್ಲಿ ಅದನ್ನು ಹೊಸದಾಗಿ ಕಟ್ಟಿದರು, ಪಕ್ಕದಲ್ಲಿ ಥಿಯೇಟರುಗಳ ದೊಡ್ಡ ಕಟ್ಟಡವೂ ಬಂತು. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಹುಡುಗಿಯರು ಗುಂಪು ಗುಂಪಾಗಿ ಕೂತು ಕವರು ಒಡೆಯುತ್ತಿದ್ದರು. ಆಮೇಲೆ ಅದಲು ಬದಲು ಶುರು. ಫೋನಿನ ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಎತ್ತಿ ಹಿಡಿಯುತ್ತಾರೆ: ನನ್ನ ಹತ್ತಿರ ಇಂಥವನಿದ್ದಾನೆ, ನನಗೆ ಇಂಥವನು ಬೇಕು. ಕೂಗಾಟ ಇಲ್ಲ. ತಲೆಬಾಗಿ ನಮಸ್ಕಾರ, ಗೀರು ಬಿದ್ದಿದೆಯಾ ಅಂತ ಬೆಳಕಿಗೆ ಹಿಡಿದು ಪರೀಕ್ಷೆ, ಕೊಟ್ಟದ್ದು ತೆಗೆದುಕೊಂಡದ್ದು, ಮತ್ತೆ ನಮಸ್ಕಾರ. ಒಬ್ಬನನ್ನು ಪಡೆಯೋಕೆ ಇಬ್ಬರನ್ನು ಕೊಡಬೇಕಾದ ಸಂದರ್ಭವೂ ಇದೆ, ಅವನಿಗೆ ಅಷ್ಟು ಬೇಡಿಕೆ. ದುಡ್ಡು ಮಾತ್ರ ಕಾಣಲಿಲ್ಲ.

ಒಂದು ಗಂಟೆ ಅಲ್ಲೇ ಕೂತೆ. ಕಂಪನಿ ಗಂಟು ಹಾಕಿ ಕೊಟ್ಟಿದ್ದನ್ನು ಈ ಹುಡುಗಿಯರು ತಮ್ಮಷ್ಟಕ್ಕೆ ತಾವೇ ಬಿಡಿಸಿಕೊಳ್ಳುತ್ತಿದ್ದರು.

ಭಾನುವಾರ, ಒಯಿಜುಮಿ

ಇಕೆಬುಕುರೊದಿಂದ ಸೇಬು ಲೈನಿನ ರೈಲು ಹತ್ತಿದರೆ ಇಪ್ಪತ್ತು ನಿಮಿಷದೊಳಗೆ ಒಯಿಜುಮಿ-ಗಾಕುಎನ್. ಸ್ಟೇಷನ್ ಹೊರಗೆ ಅನಿಮೆ ಪಾತ್ರಗಳ ಕಂಚಿನ ಪ್ರತಿಮೆಗಳು. ಅಲ್ಲಿಂದ ನಡೆದು ಹೋದರೆ ತೋಯೆ ಅನಿಮೇಷನ್ ಸ್ಟುಡಿಯೊದ ಮ್ಯೂಸಿಯಂ. ಈ ಕಂಪನಿ ಶುರುವಾಗಿದ್ದು 1956ರಲ್ಲಿ.

ಜಪಾನಿನ ಟಿವಿಯಲ್ಲಿ ಹೆಣ್ಣುಮಕ್ಕಳಿಗೆಂದೇ ಮಾಡಿದ ಅನಿಮೆಯ ಕಥೆ ಇಲ್ಲಿಂದಲೇ ಶುರು. 1966ರಲ್ಲಿ ಮಾಟಗಾತಿ ಹುಡುಗಿ ಸ್ಯಾಲಿ ಬಂದಳು, 1969ರಲ್ಲಿ ಅಕ್ಕೊ-ಚಾನ್. ಅಕ್ಕೊ ಕೈಯಲ್ಲಿ ಒಂದು ಕನ್ನಡಿ ಡಬ್ಬಿ. ಅದರ ಮುಂದೆ ಮಂತ್ರ ಹೇಳಿದರೆ ಬೇಕಾದ ರೂಪ ತಾಳಬಹುದು. ಆಟಿಕೆ ಮಾರುವವನಿಗೆ ಇದಕ್ಕಿಂತ ಒಳ್ಳೆಯ ಕಥೆ ಬೇಕಾ? ಅವತ್ತಿನಿಂದ ಇವತ್ತಿನವರೆಗೆ ಮಾಯದ ಹುಡುಗಿಯರ ಕೈಯಲ್ಲಿ ಯಾವಾಗಲೂ ಒಂದು ಸಾಮಾನು ಇದ್ದೇ ಇರುತ್ತದೆ. ಕೋಲೋ, ಡಬ್ಬಿಯೋ, ಪದಕವೋ. ಆ ಸಾಮಾನು ಅಂಗಡಿಯಲ್ಲೂ ಇರುತ್ತದೆ.

1992ರ ಮಾರ್ಚ್‌ನಲ್ಲಿ ಸೈಲರ್ ಮೂನ್ ಶುರುವಾಯಿತು. ತಾಕೆಉಚಿ ನಾಒಕೊ ಅವರ ಮಂಗಾ (ಜಪಾನಿ ಕಾಮಿಕ್ಸ್), ತೋಯೆಯ ಅನಿಮೆ, ಬಂದಾಯಿ ಕಂಪನಿಯ ಆಟಿಕೆ. 1997ರವರೆಗೆ 200 ಕಂತು. ಐದು ಜನ ಹುಡುಗಿಯರ ತಂಡ ಕಟ್ಟಿ ಹೊಡೆದಾಡಿಸಿದ್ದು ದೊಡ್ಡ ಬದಲಾವಣೆ. ಅದಕ್ಕೂ ಮುಂಚೆ ತಂಡ ಕಟ್ಟಿ ಹೊಡೆದಾಡುವುದು ಹೆಚ್ಚಾಗಿ ಗಂಡುಹುಡುಗರ ಪಾಲಿಗೇ ಇತ್ತು. 2004ರಲ್ಲಿ ಪ್ರಿಕ್ಯೂರ್ ಬಂದಾಗ ಮಾಡಿದವರ ಯೋಚನೆಯೇ 'ಹೆಣ್ಣುಮಕ್ಕಳಿಗೂ ಗುದ್ದಾಡುವ ಆಸೆ ಇರುತ್ತೆ' ಅನ್ನೋದು. ಅಲ್ಲಿ ಹುಡುಗಿಯರು ಕೋಲು ಬೀಸುವುದಕ್ಕಿಂತ ಒದೆಯುವುದೇ ಜಾಸ್ತಿ. ಸುಮಾರಾಗಿ ಪ್ರತಿ ವರ್ಷ ಫೆಬ್ರವರಿ ಬಂದರೆ ಹೊಸ ಹುಡುಗಿಯರು, ಹೊಸ ಉಡುಪು, ಹೊಸ ಆಟಿಕೆ. ಸೀಸನ್ ಮಾಲು ಅಂದರೆ ಇದು.

ಈ ಆಟಿಕೆಗಳಿಗೆ ದುಡ್ಡು ಕೊಡುತ್ತಿದ್ದವರು ಅಪ್ಪ ಅಮ್ಮ. ಹುಡುಗಿಗೆ ಎಂಟು ವರ್ಷ ಆಗುತ್ತಿದ್ದಂತೆ ವ್ಯಾಪಾರ ಮುಗಿಯಿತು ಅಂತ ಕಂಪನಿಗಳು ಅಂದುಕೊಂಡಿದ್ದವು. ಆಮೇಲೆ ಆ ಹುಡುಗಿಯರು ಬೆಳೆದರು, ಕೆಲಸಕ್ಕೆ ಸೇರಿದರು, ಕೈಗೆ ಸಂಬಳ ಬಂತು. ಸೈಲರ್ ಮೂನ್‌ಗೆ ಇಪ್ಪತ್ತು ವರ್ಷ ಆದ ಮೇಲೆ ಬಂದಾಯಿ ಅದೇ ಮಂತ್ರದ ಕೋಲನ್ನು ಮತ್ತೆ ತಂದಿತು. ಈ ಸಲ ದೊಡ್ಡವರಿಗೆ, ಲೋಹದ ಹೊಳಪು, ನಯವಾದ ಕೆಲಸ, ದೊಡ್ಡ ಬೆಲೆ. ಕನ್ನಡಿ ಡಬ್ಬಿಯ ಒಳಗೆ ನಿಜವಾದ ಫೇಸ್ ಪೌಡರ್ ತುಂಬಿ ಮಾರಿದರು. 2023ರಲ್ಲಿ ಪ್ರಿಕ್ಯೂರ್ ಹುಡುಗಿಯರನ್ನೂ ದೊಡ್ಡವರನ್ನಾಗಿ ಮಾಡಿ, ಒಂದೊಂದು ಕೆಲಸ ಕೊಟ್ಟು ಹೊಸ ಅನಿಮೆ ತೆಗೆದರು. ಹಳೇ ಗಿರಾಕಿಯನ್ನು ಇಪ್ಪತ್ತು ವರ್ಷ ಆದ ಮೇಲೆ ಹುಡುಕಿಕೊಂಡು ಹೋಗಿ ಮಾರೋದು ಸಣ್ಣ ಬುದ್ಧಿವಂತಿಕೆ ಅಲ್ಲ.

ಮಧ್ಯಾಹ್ನ ಅಕ್ಕನ ಮಗಳು ಮಿನಾಮಿ-ಒಯಿಜುಮಿ ಕಡೆ ನಡೆಸಿಕೊಂಡು ಹೋದಳು. ಅಲ್ಲಿ ನೋಡೋಕೆ ಏನೂ ಇಲ್ಲ. ಮನೆಗಳು, ತರಕಾರಿ ಹೊಲದ ತುಂಡುಗಳು. ಆದರೆ 1970ರಿಂದ ಎರಡು ಮೂರು ವರ್ಷ ಇಲ್ಲೊಂದು ಬಾಡಿಗೆ ಮನೆಯಲ್ಲಿ ಹಾಗಿಯೊ ಮೊಟೊ, ತಾಕೆಮಿಯಾ ಕೇಕೊ ಅನ್ನುವ ಇಪ್ಪತ್ತರ ಆಸುಪಾಸಿನ ಇಬ್ಬರು ಒಟ್ಟಿಗಿದ್ದು ಮಂಗಾ ಬರೆಯುತ್ತಿದ್ದರು. ಬೇರೆ ಹುಡುಗಿಯರೂ ಬಂದು ಉಳಿಯುತ್ತಿದ್ದರು, ಒಬ್ಬರ ಹಾಳೆಗೆ ಇನ್ನೊಬ್ಬರು ಮಸಿ ಹಾಕುತ್ತಿದ್ದರು. ಹುಡುಗಿಯರ ಮಂಗಾದೊಳಗೆ ವಿಜ್ಞಾನ ಕಥೆ, ಸಾವು, ಗಂಡುಹುಡುಗರ ನಡುವಿನ ಪ್ರೀತಿ ಬಂದಿದ್ದರ ಹಿಂದೆ ಇವರ ಕೈ ದೊಡ್ಡದು. ಇವತ್ತು ಒತೋಮೆ ರೋಡಿನ ಕಪಾಟುಗಳಲ್ಲಿ ಹುಡುಗ-ಹುಡುಗರ ಪ್ರೀತಿಯ ಕಥೆಗಳು ಅಷ್ಟೊಂದು ತುಂಬಿವೆಯಲ್ಲ, ಅದರ ಬೇರು ಹುಡುಕಿದರೆ ಈ ಬೀದಿಗೆ ಬಂದು ನಿಲ್ಲುತ್ತದೆ. ಸ್ನೇಹದ ಮನೆ ಅಂತ ಎಲ್ಲರೂ ಹೊಗಳುತ್ತಾರೆ. ಆದರೆ ಹಾಗಿಯೊ 2021ರಲ್ಲಿ ಬರೆದ ಪುಸ್ತಕದಲ್ಲಿ ಆ ದಿನಗಳು ಕೊನೆಗೆ ಎಷ್ಟು ನೋವು ಕೊಟ್ಟವು ಅಂತ ಹೇಳಿಕೊಂಡಿದ್ದಾರೆ. ಒಂದೇ ಅಡುಗೆಮನೆಯಲ್ಲಿ ಇಬ್ಬರು ಪ್ರತಿಭಾವಂತರು ಅಂದರೆ ಸುಲಭ ಅಲ್ಲ.

ಹಾಗಿಯೊ ಅಭಿಮಾನಿಗಳಾಗಿದ್ದ ಕೆಲವು ಗೆಳೆಯರು ಸೇರಿ 1975ರ ಡಿಸೆಂಬರ್‌ನಲ್ಲಿ ಟೋಕಿಯೊದಲ್ಲಿ ಒಂದು ಸಣ್ಣ ಸಂತೆ ನಡೆಸಿದರು. ಅಭಿಮಾನಿಗಳು ತಾವೇ ಬರೆದ ಪುಸ್ತಕ ತಾವೇ ಮಾರುವ ಸಂತೆ. 32 ಗುಂಪು, 700ರಷ್ಟು ಜನ. ಬಂದವರಲ್ಲಿ ಹೆಚ್ಚಿನವರು ಹೈಸ್ಕೂಲ್ ವಯಸ್ಸಿನ ಹುಡುಗಿಯರು. ಅದೇ ಇವತ್ತಿನ ಕಾಮಿಕೆಟ್, ಲಕ್ಷಗಟ್ಟಲೆ ಜನ ಸೇರುವ ಜಾತ್ರೆ. ಎಂಬತ್ತರ ದಶಕದಲ್ಲಿ ಗಂಡುಹುಡುಗರಿಗೆಂದು ಬಂದ ಫುಟ್‌ಬಾಲ್ ಅನಿಮೆ ಕ್ಯಾಪ್ಟನ್ ತ್ಸುಬಾಸಾವನ್ನು ಹುಡುಗಿಯರು ಎತ್ತಿಕೊಂಡು ಅದರ ಆಟಗಾರರ ಮೇಲೆ ಸಾವಿರಾರು ಪುಸ್ತಕ ಬರೆದರು. ಚೆಂಡಿಗಿಂತ ಚೆಂಡು ಪಾಸ್ ಮಾಡುವವರ ಮನಸ್ಸು ಅವರಿಗೆ ಮುಖ್ಯವಾಗಿತ್ತು. ಕಂಪನಿಗಳ ಕಣ್ಣು ಅಲ್ಲಿ ತೆರೆಯಿತು. ನಮ್ಮ ಮಾಲನ್ನು ಕೊಳ್ಳುತ್ತಿರುವವರು ನಾವು ಅಂದುಕೊಂಡವರಲ್ಲ!

ಈ ಪ್ರವಾಸದಲ್ಲಿ ನನಗೆ ಗಟ್ಟಿಯಾಗಿ ಅನಿಸಿದ್ದು ಇದೇ. ಇದು ಕಂಪನಿ ಹಾಕಿದ ಪೇಟೆಯಲ್ಲ. ಹುಡುಗಿಯರು ಮೊದಲು ನೆಲದ ಮೇಲೆ ಸಂತೆ ಹಾಕಿಕೊಂಡರು, ಕಂಪನಿ ಆಮೇಲೆ ಬಂದು ಅದರ ಸುತ್ತ ಅಂಗಡಿ ಕಟ್ಟಿತು.

ಸೋಮವಾರ

ಮ್ಯೂಸಿಯಂಗಳಿಗೆ ರಜ. ಅವಳಿಗೆ ಆಫೀಸು. ಬಟ್ಟೆ ಒಗೆದು ಹಾಕಿದೆ. ಸಂಜೆ ಅವಳು ಬಂದ ಮೇಲೆ ಒಂದು ಪಾಠ ಆಯಿತು. ಹುಡುಗಿಯೇ ನಾಯಕಿಯಾಗಿ ಹಲವು ಹುಡುಗರಲ್ಲಿ ಒಬ್ಬನನ್ನು ಗೆಲ್ಲುವ ವಿಡಿಯೊ ಗೇಮ್‌ಗಳಲ್ಲಿ ಮೊದಲನೆಯದು ಆಂಜೆಲಿಕ್, 1994ರಲ್ಲಿ ಬಂತು. ಕೋಯಿ ಅನ್ನೋ ಕಂಪನಿ, ಯುದ್ಧದ ಗೇಮ್‌ಗೆ ಹೆಸರಾದದ್ದು. ಅದನ್ನು ಗಂಡನ ಜೊತೆ ನಡೆಸುತ್ತಿದ್ದ ಎರಿಕಾವಾ ಕೇಕೊ ಹೆಂಗಸರದ್ದೇ ಒಂದು ತಂಡ ಕಟ್ಟಿ ಇದನ್ನು ಮಾಡಿಸಿದರು. ಈ ಜಾಡು ಹಿಡಿದು ಆಮೇಲೆ ಎಷ್ಟೋ ಗೇಮ್‌ಗಳು ಬಂದವು, ಅವುಗಳಿಂದ ಅನಿಮೆ ಹುಟ್ಟಿದವು. 2010ರ ಗೇಮ್ ಉತಾ ನೊ ಪ್ರಿನ್ಸ್-ಸಾಮಾ 2011ರಲ್ಲಿ ಅನಿಮೆ ಆಯಿತು, 2019ರಲ್ಲಿ ಸಿನಿಮಾ. ಆ ಸಿನಿಮಾದಲ್ಲಿ ಕಥೆಯೇ ಇಲ್ಲವಂತೆ, ಬರೀ ಹಾಡಿನ ಕಚೇರಿ. ಥಿಯೇಟರಿನಲ್ಲಿ ಹುಡುಗಿಯರು ಬಣ್ಣದ ಲೈಟ್ ಬೀಸಿ, ಹೆಸರು ಕೂಗಿ ನೋಡುತ್ತಾರೆ. ಇಂಥ ಕೂಗಾಟದ ಷೋ 2016ರಲ್ಲಿ ಕಿಂಗ್ ಆಫ್ ಪ್ರಿಸಮ್ ಅನ್ನೋ ಸಿನಿಮಾದಿಂದ ಜೋರಾಯಿತು. ಅದು ಬಿಡುಗಡೆ ಆಗಿದ್ದು ಬರೀ 14 ಥಿಯೇಟರಿನಲ್ಲಿ. ನೋಡಿದವರೇ ಮತ್ತೆ ಮತ್ತೆ ನೋಡಿ ಅದನ್ನು ಎತ್ತಿ ನಿಲ್ಲಿಸಿದರು.

"ಸಿನಿಮಾದಲ್ಲಿ ಕೂಗೋದು ನಮಗೇನು ಹೊಸದಾ?" ಅಂದೆ. "ಇಲ್ಲಿಯವರಿಗೆ ಹೊಸದು ಚಿಕ್ಕಮ್ಮ. ಇಲ್ಲಿ ಥಿಯೇಟರಿನಲ್ಲಿ ಕೆಮ್ಮಿದರೂ ತಿರುಗಿ ನೋಡ್ತಾರೆ" ಅಂದಳು.

ಮಂಗಳವಾರ, ತೊಕಿವಾ-ಸೊ

ಒಬ್ಬಳೇ ಹೊರಟೆ. ಇಕೆಬುಕುರೊ ಇರುವ ತೊಶಿಮಾ ವಾರ್ಡಿನಲ್ಲೇ ಮಿನಾಮಿ-ನಾಗಾಸಾಕಿ ಅಂತ ಒಂದು ಬಡಾವಣೆ. ಅಲ್ಲಿ 1952ರಲ್ಲಿ ಕಟ್ಟಿದ ಎರಡು ಮಹಡಿಯ ಮರದ ವಠಾರದ ಹೆಸರು ತೊಕಿವಾ-ಸೊ. ತೆಜುಕಾ ಒಸಾಮು, ಇಶಿನೊಮೊರಿ ಶೋತಾರೊ, ಡೊರೇಮಾನ್ ಬರೆದ ಫುಜಿಕೊ, ಅಕಾತ್ಸುಕಾ ಫುಜಿಯೊ, ಹೀಗೆ ಹೆಸರಾದ ಮಂಗಾಕಾರರೆಲ್ಲ ಬೇರೆ ಬೇರೆ ಹೊತ್ತಿನಲ್ಲಿ ಇಲ್ಲಿದ್ದವರು. ವಠಾರವನ್ನು 1982ರಲ್ಲಿ ಕೆಡವಿದರು. 2020ರಲ್ಲಿ ಅದೇ ರೂಪದಲ್ಲಿ ಮತ್ತೆ ಕಟ್ಟಿ ಮ್ಯೂಸಿಯಂ ಮಾಡಿದ್ದಾರೆ. ಹಂಚಿಕೊಂಡು ಬಳಸುತ್ತಿದ್ದ ಅಡುಗೆಮನೆಯ ಜಿಡ್ಡನ್ನೂ ಬಿಟ್ಟಿಲ್ಲ, ಬಣ್ಣ ಬಳಿದು ಹಳತು ಮಾಡಿದ್ದಾರೆ.

ಆ ಕಾಲದಲ್ಲಿ ಹುಡುಗಿಯರ ಪತ್ರಿಕೆಗೆ ಬರೆಯುತ್ತಿದ್ದವರು ಬಹುಪಾಲು ಗಂಡಸರು. ನಿನ್ನೆ ಮೊನ್ನೆ ಹೇಳಿದ ಅಕ್ಕೊ-ಚಾನ್ ಕೂಡ ಈ ವಠಾರದ ಅಕಾತ್ಸುಕಾ ಅವರದ್ದು. ಇಲ್ಲಿದ್ದ ಮಂಗಾಕಾರರಲ್ಲಿ ಒಬ್ಬಳೇ ಹೆಣ್ಣುಮಗಳು ಮಿಜುನೊ ಹಿದೆಕೊ. 1958ರಲ್ಲಿ ದೂರದ ಶಿಮೊನೊಸೆಕಿಯಿಂದ ಬಂದಳು. ಆಗ ಹದಿನೆಂಟೋ ಹತ್ತೊಂಬತ್ತೋ ವಯಸ್ಸು. ಇದ್ದದ್ದು ಕೆಲವೇ ತಿಂಗಳು. ಆ ಕೋಣೆಯ ಬಾಗಿಲಲ್ಲಿ ನಿಂತು ನೋಡಿದೆ. ನಾಲ್ಕೂವರೆ ಚಾಪೆಯಷ್ಟು ಜಾಗ. ಊಟ, ನಿದ್ದೆ, ಬರವಣಿಗೆ ಎಲ್ಲ ಅಲ್ಲೇ. ನೆಲಕ್ಕೆ ಕೂತು ಬರೆಯುವ ಮೇಜು. ಹೊರಗೆ ಹಜಾರದಲ್ಲಿ ಎಲ್ಲ ಗಂಡಸರು. ಅವಳ ಮನೆಯವರು ಹೇಗೆ ಕಳಿಸಿದರೋ!

ಬುಧವಾರ, ಉಎನೊ

ಮಳೆ. ಟೋಕಿಯೊ ರಾಷ್ಟ್ರೀಯ ಮ್ಯೂಸಿಯಂಗೆ ಹೋಗಿದ್ದು ನೆನೆಯಬಾರದು ಅಂತ, ಕಂಡಿದ್ದು ನಮ್ಮದೇ ವಿಷಯ. ಹಳೇ ಕತ್ತಿಗಳ ಕೋಣೆಯಲ್ಲಿ ಹುಡುಗಿಯರು. ಒಬ್ಬಳ ಕೈಯಲ್ಲಿ ನೋಟ್‌ಬುಕ್, ಕತ್ತಿಯ ಅಲಗಿನ ಮೇಲಿನ ಅಲೆಯನ್ನು ಪೆನ್ಸಿಲ್‌ನಲ್ಲಿ ಬಿಡಿಸುತ್ತಿದ್ದಳು.

2015ರಲ್ಲಿ ತೋಕೆನ್ ರಾನ್ಬು ಅಂತ ಕಂಪ್ಯೂಟರ್ ಗೇಮ್ ಬಂತು. ಹೆಸರುವಾಸಿ ಕತ್ತಿಗಳೆಲ್ಲ ಅದರಲ್ಲಿ ಚೆಂದದ ಹುಡುಗರು. ಆಮೇಲೆ ಅನಿಮೆ, ನಾಟಕ, ಸಂಗೀತ ನಾಟಕ. ಹುಡುಗಿಯರು ನಿಜವಾದ ಕತ್ತಿ ಹುಡುಕಿಕೊಂಡು ಊರೂರು ತಿರುಗತೊಡಗಿದರು. ಯುದ್ಧದ ಕೊನೆಯಲ್ಲಿ ಕಳೆದುಹೋದ ಹೊತಾರುಮಾರು ಅನ್ನುವ ಕತ್ತಿಯನ್ನು ಹೊಸದಾಗಿ ಹೊಡೆಯಲು ಅದೇ ವರ್ಷ ಒಂದು ಚಂದಾ ಎತ್ತಿದರು. ಕೇಳಿದ್ದು 55 ಲಕ್ಷ ಯೆನ್. ಬಂದದ್ದು 4 ಕೋಟಿ 50 ಲಕ್ಷದ ಹತ್ತಿರ. 2017ರಲ್ಲಿ ಅಶಿಕಾಗಾ ಅನ್ನುವ ಸಣ್ಣ ಊರಿನವರು ಯಮಾನ್ಬಾಗಿರಿ ಕುನಿಹಿರೊ ಅನ್ನುವ ಕತ್ತಿಯನ್ನು ಪ್ರದರ್ಶನಕ್ಕಿಟ್ಟಾಗ 38,000ದಷ್ಟು ಜನ ಬಂದರು. ಕತ್ತಿ ಅಂದರೆ ವಯಸ್ಸಾದ ಗಂಡಸರ ಹವ್ಯಾಸ ಅಂತ ಇದ್ದ ಕಡೆ, ಕಮ್ಮಾರರ ಕೆಲಸ ನೋಡೋಕೂ ಹುಡುಗಿಯರು ಬರತೊಡಗಿದರು.

ಗಾಜಿನ ಮುಂದೆ ಒಬ್ಬ ಅಜ್ಜ ಆ ಹುಡುಗಿಗೆ ಏನೋ ಹೇಳಿಕೊಡಲು ಹೋದರು. ಅವಳು ತುಂಬ ವಿನಯದಿಂದ ಕೇಳಿಸಿಕೊಂಡು ತಿರುಗಿ ಏನೋ ಹೇಳಿದಳು. ಅಜ್ಜ ತಲೆ ಕೆರೆದುಕೊಂಡು ಮತ್ತೊಮ್ಮೆ ಬಗ್ಗಿ ಕತ್ತಿ ನೋಡಿದರು. ಭಾಷೆ ಬರದಿದ್ದರೂ ಯಾರು ಯಾರಿಗೆ ಪಾಠ ಹೇಳಿದರು ಅಂತ ಗೊತ್ತಾಯಿತು.

ಗುರುವಾರ, ತಕರಾಜುಕಾ

ಅವಳು ರಜ ಹಾಕಿದಳು. ಬೆಳಿಗ್ಗೆ ಶಿಂಕಾನ್ಸೆನ್ ಬುಲೆಟ್ ರೈಲು ಹಿಡಿದು ಎರಡೂವರೆ ಗಂಟೆಯಲ್ಲಿ ಒಸಾಕಾ. ಅಲ್ಲಿಂದ ಹಾಂಕ್ಯು ರೈಲಿನಲ್ಲಿ ಅರ್ಧ ಗಂಟೆಯ ದಾರಿ ತಕರಾಜುಕಾ. ನನ್ನ ಡಬ್ಬಿಯಲ್ಲಿ ಚಪಾತಿ, ಅವಳ ಕೈಯಲ್ಲಿ ಉಮೆಬೋಶಿ ಅನ್ನುವ ಹುಳಿ ಉಪ್ಪಿನಕಾಯಿ ಇಟ್ಟ ಅನ್ನದ ಉಂಡೆ.

ಇಲ್ಲಿನ ನಾಟಕ ತಂಡದಲ್ಲಿ ಎಲ್ಲರೂ ಹೆಂಗಸರು, ಗಂಡಿನ ಪಾತ್ರಕ್ಕೂ ಹೆಂಗಸರೇ. ಹಾಂಕ್ಯು ರೈಲು ಕಂಪನಿಯ ಕೊಬಾಯಾಶಿ ಇಚಿಜೊ ತಮ್ಮ ಲೈನಿನ ಕೊನೇ ಸ್ಟೇಷನ್ನಿಗೆ ಜನ ಬರಲಿ ಅಂತ ಇದನ್ನು ಶುರು ಮಾಡಿದರು. ಮೊದಲ ಆಟ 1914ರಲ್ಲಿ. ರೈಲು ಟಿಕೆಟ್ ಮಾರೋಕೆ ಹುಟ್ಟಿದ ನಾಟಕ ನೂರು ವರ್ಷ ದಾಟಿದೆ.

ತೆಜುಕಾ ಒಸಾಮು ಐದನೇ ವಯಸ್ಸಿನಿಂದ ಬೆಳೆದದ್ದು ಇದೇ ಊರಿನಲ್ಲಿ. ತಾಯಿ ಜೊತೆ ಈ ನಾಟಕ ನೋಡುತ್ತಾ ಬೆಳೆದವರು. ಗಂಡಿನ ವೇಷದಲ್ಲಿ ಕತ್ತಿ ಹಿಡಿದ ರಾಜಕುಮಾರಿಯ ಕಥೆಯನ್ನು 1953ರಲ್ಲಿ ಹುಡುಗಿಯರ ಪತ್ರಿಕೆಗೆ ಬರೆಯತೊಡಗಿದರು. 1967ರಲ್ಲಿ ಅದು ಅನಿಮೆಯಾಯಿತು. 1972ರಲ್ಲಿ ಇಕೆದಾ ರಿಯೊಕೊ ಅದೇ ಎಳೆಯನ್ನು ಫ್ರೆಂಚ್ ಕ್ರಾಂತಿಗೆ ತಂದು, ಗಂಡಸಿನಂತೆ ಬೆಳೆದ ಸೇನಾಧಿಕಾರಿ ಆಸ್ಕರ್ ಪಾತ್ರ ಸೃಷ್ಟಿಸಿದರು. 1974ರಲ್ಲಿ ತಕರಾಜುಕಾ ಅದನ್ನು ರಂಗಕ್ಕೆ ತಂದಿತು. ಜನ ಕಡಿಮೆಯಾಗಿ ಸೊರಗಿದ್ದ ತಂಡ ಅದರಿಂದ ಎದ್ದು ಕೂತಿತು. 1979ರಲ್ಲಿ ಟಿವಿ ಅನಿಮೆ, 2025ರ ಜನವರಿಯಲ್ಲಿ ಹೊಸ ಅನಿಮೆ ಸಿನಿಮಾ. ನಾಟಕದಿಂದ ಮಂಗಾಕ್ಕೆ ಹೋದದ್ದು ಮಂಗಾದಿಂದ ನಾಟಕಕ್ಕೇ ವಾಪಸ್ ಬಂತು ನೋಡಿ. ಟೋಕಿಯೊದಲ್ಲಿ 2003ರಿಂದ ಟೆನಿಸ್ ಅನಿಮೆಯೊಂದನ್ನು ಹುಡುಗರಿಂದ ಸಂಗೀತ ನಾಟಕ ಮಾಡಿಸಿ ಗೆದ್ದರು. ಆಮೇಲೆ ಅದೇ ಒಂದು ದೊಡ್ಡ ಉದ್ಯಮ ಆಯಿತು. ಟಿಕೆಟ್ ಕೊಳ್ಳುವವರು ಅಲ್ಲೂ ಹೆಚ್ಚಾಗಿ ಹೆಂಗಸರೇ.

ನಮಗೆ ಸಿಕ್ಕಿದ್ದು ಮೇಲಿನ ಮಹಡಿಯ ಹಿಂದಿನ ಸೀಟು. ಮಾತು ಒಂದೂ ಅರ್ಥವಾಗಲಿಲ್ಲ. ಕೊನೆಯಲ್ಲಿ ದೊಡ್ಡ ಮೆಟ್ಟಿಲ ಸಾಲು ಬಂದು, ಬೆನ್ನಿಗೆ ಆಳೆತ್ತರದ ಗರಿಗಳನ್ನು ಕಟ್ಟಿಕೊಂಡು ನಾಯಕ ಪಾತ್ರದ ಹೆಣ್ಣುಮಗಳು ಇಳಿದು ಬಂದಾಗ ಪಕ್ಕದ ಸೀಟಿನ ಎಪ್ಪತ್ತರ ಅಜ್ಜಿ ಕಣ್ಣೊರೆಸಿಕೊಂಡರು. ನಾನು ಚಪ್ಪಾಳೆ ಹೊಡೆದು ಹೊಡೆದು ಕೈ ಕೆಂಪು ಮಾಡಿಕೊಂಡೆ. ಮಾರಾಟದ ಕೌಂಟರಿನಲ್ಲಿ ಇಲ್ಲೂ ಫೋಟೊ, ಫೈಲು, ಕೀಚೈನು. ಆದರೆ ಎಲ್ಲ ತೆರೆದಿಟ್ಟದ್ದು, ಬೇಕಾದ್ದು ಆರಿಸಿಕೊಳ್ಳಬಹುದು. ನನಗೆ ಸಮಾಧಾನ ಆಯಿತು.

ಶುಕ್ರವಾರ, ಇವಾಮಿ

ಒಸಾಕಾದಿಂದ ಸೂಪರ್ ಹಕುತೊ ರೈಲಿನಲ್ಲಿ ತೊತ್ತೊರಿ, ಅಲ್ಲಿಂದ ಕಡಲ ಕಡೆಗೆ ನಿಧಾನದ ಡೀಸೆಲ್ ಗಾಡಿಯಲ್ಲಿ ಇವಾಮಿ. ಊರಲ್ಲಿ ಹತ್ತು ಹನ್ನೊಂದು ಸಾವಿರ ಜನ. ಹಳಿ, ಹೊಲ, ಮೀನು ಬಂದರು. ಉರಾದೊಮೆ ಕಡಲ ತೀರದ ಬಂಡೆಗಳು ನಿಜಕ್ಕೂ ಚೆಂದ. ಚಳಿಗಾಲದಲ್ಲಿ ಏಡಿಗೆ ಹೆಸರಾದ ಊರು. ನನಗೆ ಏಡಿಯಿಂದ ಏನೂ ಆಗಬೇಕಿಲ್ಲ.

2013ರ ಮಾರ್ಚ್‌ನಲ್ಲಿ ಕ್ಯೋಟೊ ಅನಿಮೇಷನ್ ಕಂಪನಿ ಈಜುವ ಹುಡುಗರದ್ದೊಂದು ಅರ್ಧ ನಿಮಿಷದ ಜಾಹೀರಾತು ಬಿಟ್ಟಿತು. ಆಗ ಯಾವ ಸರಣಿಯೂ ಘೋಷಣೆಯಾಗಿರಲಿಲ್ಲ. ಪಾತ್ರಗಳ ಹೆಸರೂ ಯಾರಿಗೂ ಗೊತ್ತಿರಲಿಲ್ಲ. ಅಷ್ಟಕ್ಕೇ ಜಗತ್ತಿನ ಮೂಲೆಮೂಲೆಯಿಂದ ಹುಡುಗಿಯರು ಆ ಹುಡುಗರ ಚಿತ್ರ ಬಿಡಿಸಿದರು, ಅವರಿಗೆ ಕಥೆ ಕಟ್ಟಿದರು. ಜುಲೈನಲ್ಲಿ ಫ್ರೀ! ಅನ್ನುವ ಸರಣಿ ಬಂದೇ ಬಂತು. ನಿರ್ದೇಶಕಿ ಉತ್ಸುಮಿ ಹಿರೊಕೊ. ಆ ಸ್ಟುಡಿಯೊದ ಬುಡವೂ ಹೆಂಗಸರದ್ದೇ. 1981ರಲ್ಲಿ ಹತ್ತಾ ಯೋಕೊ ಅನ್ನುವ ಗೃಹಿಣಿ ಅಕ್ಕಪಕ್ಕದ ಮನೆಯ ಹೆಂಗಸರನ್ನು ಸೇರಿಸಿಕೊಂಡು, ಬೇರೆ ಸ್ಟುಡಿಯೊಗಳ ಚಿತ್ರಕ್ಕೆ ಬಣ್ಣ ತುಂಬುವ ಕೆಲಸದಿಂದ ಶುರು ಮಾಡಿದ್ದು. 2019ರ ಜುಲೈ 18ರಂದು ಒಬ್ಬ ದುಷ್ಟ ಅಲ್ಲಿ ಬೆಂಕಿ ಹಚ್ಚಿ 36 ಜನ ಸತ್ತರು. ಈ ಈಜುವ ಹುಡುಗರ ರೂಪ ಬಿಡಿಸಿದ ನಿಶಿಯಾ ಫುತೋಶಿ ಕೂಡ ಅದರಲ್ಲಿ ಒಬ್ಬರು. ಇದನ್ನು ಹೇಳುವಾಗ ಅಕ್ಕನ ಮಗಳು ಕಿಟಕಿ ಕಡೆ ತಿರುಗಿಕೊಂಡಳು, ನಾನೂ ಮುಂದೆ ಕೇಳಲಿಲ್ಲ.

ಸರಣಿಯ ಕಡಲೂರಿನ ಮಾದರಿ ಈ ಇವಾಮಿ. ಸ್ಟೇಷನ್‌ನಲ್ಲೇ ಇರುವ ಪ್ರವಾಸಿ ಕಚೇರಿಯಲ್ಲಿ ಆ ಹುಡುಗರ ಚಿತ್ರಗಳು, ಮ್ಯಾಪು, ಬಂದವರು ಬರೆದಿಟ್ಟು ಹೋಗುವ ನೋಟ್‌ಬುಕ್. ಕೊನೆಯ ಸಿನಿಮಾ ಬಂದದ್ದು 2022ರಲ್ಲಿ. ಆದರೂ ಜನ ಬರುವುದು ನಿಂತಿಲ್ಲ. ಪಾತ್ರಗಳ ಹುಟ್ಟುಹಬ್ಬಕ್ಕೆ ಕೇಕ್ ಹಿಡಿದುಕೊಂಡು ಬರುತ್ತಾರೆ. ತಾಜಿರಿ ಬಂದರಿನ ಮೆಟ್ಟಿಲ ಹತ್ತಿರ ಇಬ್ಬರು ಹೆಂಗಸರು ಸಣ್ಣ ಬೊಂಬೆಯನ್ನು ಕಟ್ಟೆ ಮೇಲೆ ಕೂರಿಸಿ ಫೋಟೊ ತೆಗೆಯುತ್ತಿದ್ದರು. ಬಲೆ ಸರಿಮಾಡುತ್ತಿದ್ದ ಮುದುಕರು ಬೊಂಬೆಗೆ ನೆರಳು ಬೀಳದ ಹಾಗೆ ತಮ್ಮ ಬುಟ್ಟಿ ಸರಿಸಿಕೊಂಡರು. ಕಚೇರಿಯ ಹೆಂಗಸನ್ನು ಅಕ್ಕನ ಮಗಳ ಮೂಲಕ ಕೇಳಿದೆ, ಯಾರು ಜಾಸ್ತಿ ಬರ್ತಾರೆ ಅಂತ. "ಬಂದವರೇ ಬರ್ತಾರೆ. ಈಗ ಮಕ್ಕಳನ್ನೂ ಕರಕೊಂಡು ಬರ್ತಾರೆ" ಅಂದರು.

ಸಂಜೆ ರೈಲಿನಲ್ಲಿ ಅವಳನ್ನು ಕೇಳಿಯೇ ಬಿಟ್ಟೆ. "ವರ್ಷಕ್ಕೆ ಇದಕ್ಕೆಲ್ಲ ಎಷ್ಟು ಸುರೀತೀಯ?" ಅವಳು ಮುಚ್ಚಿಡಲಿಲ್ಲ. ಫೋನಿನಲ್ಲಿ ಖರ್ಚಿನ ಲೆಕ್ಕ ತೆಗೆದು ತೋರಿಸಿದಳು. ಬ್ಯಾಡ್ಜಿಗಿಂತ ರೈಲಿಗೆ, ಹೋಟೆಲ್ಲಿಗೆ, ನಾಟಕದ ಟಿಕೆಟ್ಟಿಗೆ ಜಾಸ್ತಿ ಇತ್ತು. "ಇದನ್ನ ನಿಮ್ಮಮ್ಮನಿಗೆ ತೋರಿಸಬೇಡ" ಅಂದೆ. "ನೀನೂ ಹೇಳಬೇಡ" ಅಂದಳು.

ತೊತ್ತೊರಿಯಲ್ಲಿ ರೈಲು ಬದಲಿಸುವಾಗ ಮನೆಯವರಿಗೆ ಫೋನ್ ಮಾಡಿದೆ. ದೆಹಲಿಯ ಸದರ್ ಬಜಾರಿನಿಂದ ಮಾಲು ಕಳಿಸುವವರ ಹತ್ತಿರ ಮುಂದಿನ ಮುಖ ಪಾರದರ್ಶಕ ಪ್ಲಾಸ್ಟಿಕ್ ಇರುವ ಬ್ಯಾಗ್ ಸಿಗುತ್ತಾ ಕೇಳಿ ಅಂದೆ. ಒಳಗೆ ಏನು ಹಾಕ್ತಾರೆ ಅಂತ ಅವರು ಕೇಳಿದರು.

"ಅದು ಹುಡುಗಿಯರಿಗೆ ಬಿಟ್ಟಿದ್ದು. ಒಂದು ಡಜನ್ ತರಿಸಿ, ಜಾಸ್ತಿ ಬೇಡ."